ಒಂದೇ ಕಡೆಯಿಂದ ಬಿಚ್ಚುವ ಗುಂಡಿ

ಬಲಗೈಯನ್ನು ಏಪ್ರನ್ನಿನ ದಾರಕ್ಕೆ ಕಟ್ಟಿಕೊಂಡು ಕೂತರೆ ಮೊದಲು ತುರಿಸುವುದು ಮೂಗಿನ ಬಲಗಡೆ ಎಂಬುದು ಐವತ್ತೊಂದು ವರ್ಷವಾದರೂ ಅವಳಿಗೆ ಗೊತ್ತಿರಲಿಲ್ಲ. ಎಡಗೈ ಇದೆಯಲ್ಲ, ಅದರಲ್ಲಿ ತುರಿಸಿಕೋ, ಯಾರು ಬೇಡ ಅಂದರು? ಆದರೆ ಎಡಗೈಯಲ್ಲಿ ಟೀ ಲೋಟ ಇತ್ತು. ಲೋಟ ಇಡೋಣವೆಂದರೆ ಮೇಜಿನ ತುಂಬ ಚರ್ಮದ ಚೂರು, ಮೇಣದ ಉಂಡೆ, ಉಳಿ, ದಾರದ ರೀಲು. ಜಾಗ ಮಾಡೋಣವೆಂದರೆ ಅದಕ್ಕೊಂದು ಕೈ ಬೇಕು. ಕೊನೆಗೆ ಲೋಟದ ಅಂಚಿಗೇ ಮೂಗು ಉಜ್ಜಿ, ಒಂದಿಷ್ಟು ಟೀ ಎದೆಯ ಮೇಲೆ ಚೆಲ್ಲಿಕೊಂಡು, ಯಾರಾದರೂ ನೋಡಿದರೇನೋ ಎಂದು ಬಾಗಿಲ ಕಡೆ ತಿರುಗಿದಳು. ಯಾರೂ ಇರಲಿಲ್ಲ. ಶನಿವಾರ ಬೆಳಗ್ಗೆ ಎಂಟು ಗಂಟೆಗೆ ಚರ್ಮದ ಕೆಲಸದವಳ ಅಂಗಡಿಗೆ ಯಾರು ಬರುತ್ತಾರೆ? ಆದರೂ ಮುಖ ಬಿಸಿಯಾಯಿತು. ಆಮೇಲೆ ಆ ಬಿಸಿಯ ಮೇಲೇ ಅವಳಿಗೆ ಕುತೂಹಲ ಹುಟ್ಟಿತು. ಯಾರೂ ಇಲ್ಲದ ಕೋಣೆಯಲ್ಲಿ, ತಾನೇ ಕಟ್ಟಿಕೊಂಡ ಕೈಗೆ, ಹತ್ತು ನಿಮಿಷಕ್ಕೇ ಇಷ್ಟು ನಾಚಿಕೆಯಾದರೆ ಅಣ್ಣನಿಗೆ ಏಳು ತಿಂಗಳಿಂದ ಎಷ್ಟಾಗಿರಬೇಡ? ಲಕ್ವ ಹೊಡೆದು ಎದ್ದ ಮೇಲೆ ಅಣ್ಣ ಟೀ ಕುಡಿಯುವಾಗ ಮಾತಾಡುತ್ತಿರಲಿಲ್ಲ. ಲೋಟ ಖಾಲಿಯಾಗುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ತನ್ನ ಮೇಲೆ ಸಿಟ್ಟು ಅಂದುಕೊಂಡಿದ್ದಳು. ಅಣ್ಣ ಮೊದಲಿಂದಲೂ ಕೈ ಆಡಿಸದೆ ಒಂದು ಮಾತೂ ಆಡಿದವನಲ್ಲ. ಇರುವ ಒಂದು ಕೈಯಲ್ಲಿ ಲೋಟ ಇದ್ದರೆ ಅವನು ಮಾತಾಡುವುದು ಯಾವುದರಲ್ಲಿ? ಇಷ್ಟು ಸುಲಭದ ವಿಷಯ ಹೊಳೆಯಲು ಟೀ ಚೆಲ್ಲಿಕೊಳ್ಳಬೇಕಾಯಿತಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಮೇಜಿನ ಮೇಲೆ ಅಣ್ಣನ ಚೂರಿಯ ಒರೆ ಇತ್ತು. ಹನ್ನೊಂದು ವರ್ಷದ ಹಿಂದೆ ಅವಳೇ ಹೊಲಿದದ್ದು. ಚರ್ಮ ಈಗ ಕಪ್ಪು ತಿರುಗಿ, ತೊಡೆಗೆ ಉಜ್ಜಿದ ಕಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಿಂದೆ, ಬೆಲ್ಟು ತೂರಿಸುವ ಪಟ್ಟಿ. ಎರಡೂ ತುದಿಗೆ ಎಂಟೆಂಟು ಹೊಲಿಗೆ, ಒಂದೂ ಸಡಿಲಾಗಿರಲಿಲ್ಲ. ಪಕ್ಕದಲ್ಲಿ ಅಣ್ಣನ ಬೆಲ್ಟು, ಕಸಿ ಕಟ್ಟುವ ಚೂರಿ. ಅತ್ತಿಗೆ ಮೂರನ್ನೂ ಹಳೆ ಟವೆಲಿನಲ್ಲಿ ಸುತ್ತಿ ನಿನ್ನೆ ಸಂಜೆ ತಂದುಕೊಟ್ಟಿದ್ದಳು. ಕುಳಿತುಕೊಳ್ಳಲೂ ಇಲ್ಲ. "ನಿಮ್ಮಣ್ಣ ಚೂರೀನ ಬೀರುವಿನಲ್ಲಿ ಹಾಕಿಟ್ಟಿದ್ದಾರೆ. ಸೋಮವಾರ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳಿ ಬರ್ತಾರಂತೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ. ಬಿಸಿಲು ತಡ್ಕೊಳ್ಳೋಕೆ ಆಗಲ್ಲ ಅಂತಾರೆ. ಬಿಸಿಲು! ಮೂವತ್ತು ವರ್ಷ ಬಿಸಿಲಲ್ಲೇ ಇದ್ದ ಮನುಷ್ಯ. ನಿನಗೇನಾದ್ರೂ ಗೊತ್ತಾ?" ಎಂದು ಕೇಳಿದ್ದಳು. ಗೊತ್ತಿಲ್ಲ ಎಂದು ಅವಳು ಹೇಳಿದಳು. ಹೇಳುವಾಗ ಮೇಣದ ಉಂಡೆಯನ್ನು ಕೈಗೆತ್ತಿಕೊಂಡಿದ್ದಳು, ಏನೋ ಕೆಲಸವಿರುವವಳ ಹಾಗೆ.

ಗೊತ್ತಿತ್ತು. ಅವಳಿಗೆ ಮಾತ್ರ ಗೊತ್ತಿತ್ತು. ಅಣ್ಣ ದೊಡ್ಡ ಆಸ್ಪತ್ರೆಯೊಂದರ ತೋಟದ ಮಾಲಿ. ತೋಟ ಹೊರಗೆ, ನೀರು, ಬಚ್ಚಲು, ಊಟದ ಕೋಣೆ, ಹಾಜರಿ ಪುಸ್ತಕ ಎಲ್ಲ ಒಳಗೆ. ನಡುವೆ ಒಂದು ಗೇಟು. ಹೋದ ವರ್ಷದಿಂದ ಹೊಸ ನಿಯಮ: ಹರಿತವಾದದ್ದು ಏನಿದ್ದರೂ ಗೇಟಿನಲ್ಲೇ ತಟ್ಟೆಗೆ ಹಾಕಿ ಒಳಗೆ ಹೋಗಬೇಕು, ಬರಿ ಅಲಗು ಹಾಕುವ ಹಾಗಿಲ್ಲ, ಒರೆಯ ಸಮೇತ ಹಾಕಬೇಕು. ಒರೆ ತೆಗೆಯಬೇಕಾದರೆ ಬೆಲ್ಟು ಬಿಚ್ಚಬೇಕು. ದಿನಕ್ಕೆ ಐದಾರು ಸಲ. ಆಗ ಅಣ್ಣನ ಎರಡೂ ಕೈ ನೆಟ್ಟಗಿದ್ದವು. ಒಂದು ಸಂಜೆ ಅಂಗಡಿಗೆ ಬಂದು, "ದಬ್ಬಳ, ಈ ಪಟ್ಟಿ ಬೆಲ್ಟ್ ಬಿಚ್ಚದೇನೇ ತೆಗೆಯೋ ಹಾಗೆ ಮಾಡಿಕೊಡೇ" ಎಂದು ಕೇಳಿದ್ದ. ಗೋಣಿಚೀಲ ಹೊಲಿಯುವ ಸೂಜಿಯ ಹೆಸರನ್ನು ಅವಳಿಗೆ ಇಟ್ಟವನು ಅವನೇ, ಅವಳಿಗೆ ಏಳು ವರ್ಷವಿದ್ದಾಗ. ಚುಚ್ಚಿದರೆ ಆಚೆ ಬರದೆ ಬಿಡುವವಳಲ್ಲ ಎಂದು. ಅಂಗಡಿಯಲ್ಲಿ ಮೂರು ಜನ ಗಿರಾಕಿಗಳಿದ್ದರು. ಅವಳು ತಲೆ ಎತ್ತದೆ, "ನಮ್ಮ ಅಂಗಡೀಲಿ ಹೊಲಿಯೋದು ಉಂಟು, ಬಿಚ್ಚೋದು ಇಲ್ಲ. ಪ್ಯಾಂಟು ಜಾರಿದ್ರೆ ಹಿಡ್ಕೋ, ಎರಡು ಕೈ ಯಾಕೆ ಕೊಟ್ಟಿದ್ದಾನೆ ದೇವರು?" ಅಂದಿದ್ದಳು. ಗಿರಾಕಿಗಳು ನಕ್ಕರು. ಅಣ್ಣನೂ ನಕ್ಕ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಅನ್ನುತ್ತಿದ್ದಳು. ಅಮ್ಮನ ಹತ್ತಿರ ಮುತ್ತು ಒಂದೂ ಇರಲಿಲ್ಲ, ಮಾತು ಬೇಕಾದಷ್ಟಿತ್ತು. ಎರಡು ಕೈ ಯಾಕೆ ಕೊಟ್ಟಿದ್ದಾನೆ ದೇವರು. ಈಗ ಅಣ್ಣನ ಬಲಗೈಗೆ ಹಿಡಿಯುವುದು ಬರುತ್ತದೆ, ಬಿಡುವುದು ಮರೆತುಹೋಗಿದೆ. ಕೊಟ್ಟದ್ದನ್ನು ಹಿಡಿದರೆ ಹಿಡಿದೇ ಇರುತ್ತದೆ, ಎಡಗೈ ಬಂದು ಬೆರಳು ಒಂದೊಂದಾಗಿ ಬಿಡಿಸಬೇಕು. ಆ ಕೈಯಲ್ಲಿ ಬಕಲ್ ಬಿಚ್ಚುವುದು ಆಗದ ಮಾತು.

ಅಪ್ಪ ಇದ್ದಿದ್ದರೆ ಏನನ್ನುತ್ತಿದ್ದರು? ಅಪ್ಪನದು ಒಂದೇ ಮಂತ್ರ, ತೆಗೆಯಲು ಬರುವುದು ಬೀಳಲೂ ಬರುತ್ತದೆ. ಗುಂಡಿ, ಕೊಕ್ಕೆ, ಕ್ಲಿಪ್ಪು ಹಾಕಿದ ಒರೆ ಅವರ ಕಣ್ಣಿಗೆ ಒರೆಯೇ ಅಲ್ಲ. ಸೊಂಟದಿಂದ ಬಿದ್ದ ಚೂರಿ ಯಾರ ಕಾಲಿನ ಮೇಲೆ ಬೀಳುತ್ತದೆ ಎಂದು ನಿನಗೆ ಗೊತ್ತಾ ಎಂದು ಕೇಳುತ್ತಿದ್ದರು. ಅದೂ ಸುಳ್ಳಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಮಗಳು ಅವಳು, ನಾಲ್ಕನೆಯ ಕಾಲು ಎದುರಿಗೇ ಒದ್ದಾಡುತ್ತಿದ್ದರೂ ಎಣಿಸಿದವಳಲ್ಲ. ಹಲ್ಲಿನಿಂದ ಗಂಟು ಎಳೆದು ಬಲಗೈ ಬಿಡಿಸಿಕೊಂಡಳು. ಬಿಡಿಸಿದ ಕೈ ಬೇರೆ ಯಾರದೋ ಅನ್ನಿಸಿ ಸ್ವಲ್ಪ ಹೊತ್ತು ಅದನ್ನೇ ನೋಡುತ್ತ ಕೂತಳು. ಆಮೇಲೆ ಸಣ್ಣ ಬಾಗುಚಾಕು ತೆಗೆದುಕೊಂಡು, ಹನ್ನೊಂದು ವರ್ಷದ ಹದಿನಾರು ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದಳು. ಹೊಲಿಯಲು ಒಂದು ಗಂಟೆ ಹಿಡಿದದ್ದು ಬಿಚ್ಚಲು ನಾಲ್ಕು ನಿಮಿಷ ಹಿಡಿಯಿತು.

ಗುಂಡಿ, ಬಕಲ್, ಕೊಕ್ಕೆ ಮಾರುವ ಅಂಗಡಿ ಎರಡು ಬೀದಿ ಆಚೆ. ಅಂಗಡಿಯವನನ್ನು ಎಲ್ಲರೂ ಬಕಲ್ ಮಾಮ ಅನ್ನುತ್ತಾರೆ. ನೂರಾರು ಸಣ್ಣ ಡ್ರಾಯರುಗಳ ಗೋಡೆಯ ಮುಂದೆ ಸ್ಟೂಲಿನ ಮೇಲೆ ಕೂತು, ಏನು ಕೇಳಿದರೂ ತಿರುಗಿ ನೋಡದೆ ಕೈಯನ್ನು ಹಿಂದೆ ಚಾಚಿ ಸರಿಯಾದ ಡ್ರಾಯರ್ ಎಳೆಯುವುದು ಅವನ ಹೆಮ್ಮೆ. ಅವಳು ದಾರಿಯಲ್ಲೇ ಬಲಗೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಏನಾದರೂ ಸರಿ ಇದನ್ನು ಹೊರಗೆ ತೆಗೆಯುವುದಿಲ್ಲ ಎಂದು ತೀರ್ಮಾನಿಸಿದ್ದಳು. "ಬೆಲ್ಟಿಂದ ಒರೆ ಬಿಡಿಸೋ ಹಾಗಿರೋದು ಬೇಕು ಮಾಮ, ಏನೇನಿದೆ?" ಅಂದಾಗ ಮಾಮ ಅಪರೂಪಕ್ಕೆ ತಿರುಗಿ ನೋಡಿದ. "ಏನಮ್ಮಾ ಇದು! ನಿಮ್ಮಪ್ಪ ಈ ಬಾಗಿಲಿಗೆ ದಾರ, ಸೂಜಿ ಬಿಟ್ಟು ಬೇರೆ ಕೇಳಿದವರಲ್ಲ. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?" ಎಂದ. "ಹುಟ್ಟಿದ ಕಡೆ ಹುಟ್ಟಿದ್ದಾನೆ, ನೀವು ಡ್ರಾಯರ್ ತೆಗೀರಿ" ಎಂದಳು. ಮಾಮ ತೆಗೆದ. ಗಾಜಿನ ಮೇಲೆ ಹಸಿರು ಬಟ್ಟೆ ಹಾಸಿ ಒಂದೊಂದನ್ನೇ ಇಟ್ಟ. ಅವಳ ಒಳಗಿದ್ದ ಕಸಿವಿಸಿ ಒಂದು ಗಳಿಗೆ ಎಲ್ಲಿಗೋ ಹೋಯಿತು. ಎಷ್ಟು ಬಗೆ! ಇಷ್ಟು ವರ್ಷ ಇದೇ ಬೀದಿಯಲ್ಲಿ ಓಡಾಡಿದರೂ ಹಿಡಿಯುವುದಕ್ಕೂ ಬಿಡುವುದಕ್ಕೂ ಜನ ಇಷ್ಟು ತಲೆ ಓಡಿಸಿದ್ದಾರೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೊದಲು ಸ್ಪ್ರಿಂಗ್ ಇದ್ದ ಉಕ್ಕಿನ ಕ್ಲಿಪ್ಪು. ಒಂದು ಕೈಯಲ್ಲಿ ಬೆಲ್ಟಿಗೆ ಸಿಕ್ಕಿಸಲು ಸುಲಭ, ಎಳೆದರೆ ಬರುತ್ತದೆ. ಆದರೆ ಅಣ್ಣ ಗುಲಾಬಿ ಗಿಡದ ಬುಡಕ್ಕೆ ತೆವಳಿಕೊಂಡು ಹೋಗುತ್ತಾನೆ, ಒಂದು ಮುಳ್ಳಿನ ಕೊಂಬೆ ಎಳೆದರೂ ಬರುತ್ತದಲ್ಲ? ಅದು ಬೇಡ. ಎರಡು ತುಂಡಿನ ತಿರುಪು, ಒಂದರೊಳಗೆ ಒಂದು ಕೂರುವಂಥದು, ಬಲವೆಂದರೆ ಬಲ. ಆದರೆ ಗೇಟಿನಲ್ಲಿ ದಿನಕ್ಕೆ ಆರು ಸಲ ಯಾರು ತಿರುಪುತ್ತಾರೆ? ಉಂಗುರ ಮತ್ತು ಕೊಕ್ಕೆ: ಎಡಗೈಯಲ್ಲಿ ಎತ್ತಿ ನೋಡಿದಳು, ಒರೆ ತೂಗಾಡಿ ತೊಡೆಗೆ ಬಡಿಯುತ್ತದೆ. ಅಣ್ಣ ಈಗ ಸ್ವಲ್ಪ ಕಾಲೆಳೆದು ನಡೆಯುತ್ತಾನೆ, ಹೆಜ್ಜೆಹೆಜ್ಜೆಗೂ ಟಪ್ ಟಪ್ ಎಂದು ಅದನ್ನು ಊರಿಗೆಲ್ಲ ಸಾರುವುದು ಬೇಡ. ವೆಲ್ಕ್ರೋ ಎಳೆದಾಗ ಬಂದ ಪರ್‍ರೆನ್ನುವ ಸದ್ದಿಗೆ ಅವಳೇ ಬೆಚ್ಚಿದಳು. "ಅದಕ್ಕೆ ಒಂದು ವಾರದಲ್ಲಿ ಒಣಹುಲ್ಲೆಲ್ಲ ಅಂಟಿ ಕುರಿ ಥರ ಆಗುತ್ತೆ" ಎಂದ ಮಾಮ. ಸಾದಾ ಟಿಚ್ ಬಟನ್ನು ಹೆಬ್ಬೆರಳಿಗೆ ಸುಲಭವಾಗಿ ಬಿಚ್ಚಿತು. ಮೊಣಕೈಗೂ ಬಿಚ್ಚಿತು. ಕೋಟಿನ ತುದಿ ತಾಗಿದರೂ ಬಿಚ್ಚಿತು. ಕುಕ್ಕರಗಾಲಲ್ಲಿ ಕೂತರೂ ಬಿಚ್ಚಿಕೊಳ್ಳುವ ಗುಂಡಿ ಅದು. ತೆಗೆಯಲು ಬರುವುದು ಬೀಳಲೂ ಬರುತ್ತದೆ. ಅಪ್ಪ ಡ್ರಾಯರಿನೊಳಗಿಂದ ಮಾತಾಡಿದ ಹಾಗಾಯಿತು. "ಬಲಗೈಗೆ ಏನಾಯ್ತಮ್ಮಾ?" ಎಂದು ಮಾಮ ಕೇಳಿದ. "ಏನಿಲ್ಲ" ಎಂದಳು. "ಏನಿಲ್ಲ ಅಂದ್ರೆ ಜೇಬಲ್ಲಿ ಏನಿಟ್ಟುಕೊಂಡಿದ್ದೀಯ, ಹಕ್ಕೀನಾ?" ಅವಳು ನಗಲು ಹೋದಳು, ಎಡಗೈ ತಪ್ಪಿ ಟಿಚ್ ಬಟನ್ನಿನ ಡ್ರಾಯರ್ ಪೂರ್ತಿ ನೆಲಕ್ಕೆ ಬಿತ್ತು.

ಸಾವಿರ ಗುಂಡಿ ಸಿಮೆಂಟಿನ ಮೇಲೆ ಉರುಳಿದವು. ಬಗ್ಗಿ ಆರಿಸುವಾಗಲೂ ಅವಳು ಬಲಗೈ ತೆಗೆಯಲಿಲ್ಲ, ಯಾಕೋ ಹಟ. ಸ್ಟೂಲಿನ ಕೆಳಗೆ ತೂರಿದ ಮಾಮನ ಬೆನ್ನಿನ ಮೇಲೆ ಶರ್ಟು ಸರಿದು, ಪ್ಯಾಂಟಿನ ಅಂಚಿನ ಬಿಳಿ ಚರ್ಮ ಕಂಡಿತು. ಅಲ್ಲಿಗೆ ಅವಳು ಆಸ್ಪತ್ರೆಯ ಗೇಟಿನಲ್ಲಿದ್ದಳು. ಎರಡು ವಾರದ ಹಿಂದಿನ ಬುಧವಾರ. ಅಣ್ಣ ಕೆಲಸಕ್ಕೆ ವಾಪಸಾದ ಮೂರನೇ ದಿನ. ಊಟ ತರ್ತೀನಿ, ನೀನು ಏನೂ ತಗೊಂಡು ಹೋಗಬೇಡ ಎಂದು ಅವಳೇ ಫೋನಿನಲ್ಲಿ ಹೇಳಿದ್ದಳು. ಡಬ್ಬಿ ಹಿಡಿದು ಕಂಬದ ಪಕ್ಕ ಬಂದಾಗ ಗೇಟಿನ ಮುಂದೆ ಏಳೆಂಟು ಜನರ ಸಾಲು; ಎಲ್ಲರ ಮುಂದೆ ಅಣ್ಣ, ಎಡಗೈಯಲ್ಲಿ ಬಕಲ್ಲಿನ ಜೊತೆ ಗುದ್ದಾಡುತ್ತಿದ್ದ. ಗೇಟಿನವನು ಕೆಟ್ಟವನಲ್ಲ. ಅವನು ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. "ತಪ್ಪು ತಿಳ್ಕೋಬೇಡಿ ಯಜಮಾನ್ರೇ, ನಾನೇ ತೆಗೀತೀನಿ" ಎಂದು ಎದುರಿಗೆ ಬಂದು, ಶಾಲೆಗೆ ಹೊರಟ ಮಗುವಿಗೆ ಮಾಡುವ ಹಾಗೆ, ಮೆಲ್ಲಗೆ, ಬೆಲ್ಟು ಬಿಚ್ಚಿ ಎಳೆದ. ಪ್ಯಾಂಟು ಒಂದು ಗೇಣು ಜಾರಿತು. ಅಣ್ಣನ ಬಲಗೈ ಅದನ್ನು ಹಿಡಿಯಿತು, ಹಿಡಿದದ್ದನ್ನು ಬಿಡಲು ಅದಕ್ಕೆ ಬರಲಿಲ್ಲ. ಒರೆ ತಟ್ಟೆಗೆ ಬಿದ್ದ ಮೇಲೂ, ಬೆಲ್ಟನ್ನು ವಾಪಸು ಹಾಕಬೇಕೆಂದು ಗೇಟಿನವನು ಕಾಯುತ್ತಿದ್ದರೂ, ಆ ಮುಷ್ಟಿ ಬಟ್ಟೆಯನ್ನು ಹಿಡಿದೇ ಇತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ತನ್ನ ಮಗುವಿನ ಮುಖವನ್ನು ಆಚೆ ತಿರುಗಿಸಿದಳು. ಅಣ್ಣ ಗೋಡೆಯ ಗಡಿಯಾರ ನೋಡುತ್ತಿದ್ದ. ಅವಳು ಕಂಬದ ಹಿಂದೆ ಸರಿದಳು, ಆಮೇಲೆ ಮೆಟ್ಟಿಲು ಇಳಿದಳು, ಆಮೇಲೆ ಬಸ್ ಸ್ಟಾಪಿನಲ್ಲಿದ್ದಳು.

"ಒಂದೇ ಕಡೆಯಿಂದ ಬಿಚ್ಚೋದು ನೋಡಿದ್ದೀಯಾ?" ಮಾಮ ಏದುಸಿರು ಬಿಡುತ್ತ ಎದ್ದು ಕೊನೆಯ ಸಾಲಿನ ಡ್ರಾಯರಿನಿಂದ ಒಂದು ಗುಂಡಿ ತೆಗೆದ. ಟಿಚ್ ಬಟನ್ನಿಗಿಂತ ದಪ್ಪ, ಅಂಚಿನಲ್ಲಿ ಒಂದು ಸಣ್ಣ ಚುಕ್ಕೆ. "ಈ ಚುಕ್ಕೆ ಇರೋ ಕಡೆಯಿಂದ ಎತ್ತಿದ್ರೆ ಮಾತ್ರ ಬರುತ್ತೆ. ಬಾಕಿ ಮೂರು ಕಡೆಯಿಂದ ಆನೆ ಎಳೆದ್ರೂ ಬರಲ್ಲ. ಎಳಿ ನೋಡೋಣ." ಅವಳು ಎಳೆದಳು. ಬರಲಿಲ್ಲ. ತಿರುಗಿಸಿ ಚುಕ್ಕೆಯ ಕಡೆಯಿಂದ ಉಗುರು ತಾಗಿಸಿದಳು, ಟಕ್. ಮತ್ತೆ ಒತ್ತಿದಳು, ಮತ್ತೆ ಎಳೆದಳು, ಟಕ್. ಮೈಯೆಲ್ಲ ಒಂದು ಥರ ಖುಷಿಯಾಯಿತು. ಕೊಡವಿದರೆ ಬೀಳುವುದಿಲ್ಲ, ಕೇಳುವ ಹಾಗೆ ಕೇಳಿದರೆ ಬರುತ್ತದೆ. ಇದನ್ನು ಯಾರು ಕಂಡುಹಿಡಿದರೋ, ಅವರ ಹೊಟ್ಟೆ ತಣ್ಣಗಿರಲಿ! ಮಾಮ ಎರಡು ಬಗೆ ಇಟ್ಟ: ಸುತ್ತಿಗೆಯಲ್ಲಿ ಬಡಿದು ಶಾಶ್ವತವಾಗಿ ಕೂರಿಸುವುದು ಒಂದು, ಹಿಂದಿನಿಂದ ತಿರುಪಿನಲ್ಲಿ ಬಿಗಿಯುವುದು ಇನ್ನೊಂದು. ಅವಳ ಕೈ ಅಭ್ಯಾಸಬಲದಿಂದ ಬಡಿಯುವುದರ ಕಡೆಗೇ ಹೋಯಿತು. "ತಿರುಪಿನದು ತಗೋಮ್ಮಾ. ತಪ್ಪಾದ್ರೆ ತೆಗೆದು ಮತ್ತೆ ಹಾಕಬಹುದು" ಎಂದ ಮಾಮ. "ನನ್ನ ಕೈಯಲ್ಲಿ ತಪ್ಪಾಗಲ್ಲ ಮಾಮ." "ಆಯ್ತು ತಾಯೀ, ನಿನ್ನ ಕೈಯಲ್ಲಿ ಆಗಲ್ಲ. ಅದರಲ್ಲಿ ಒಂದು ಕೈ ಜೇಬಲ್ಲೇ ಇದೆಯಲ್ಲ, ಅದನ್ನೂ ಕೇಳಿ ಹೇಳು." ಅವಳು ಎರಡು ಬಗೆಯನ್ನೂ ತೆಗೆದುಕೊಂಡು ಬಂದಳು.

ಮಧ್ಯಾಹ್ನವಿಡೀ ಕೆಲಸ. ಹೊಸ ಚರ್ಮದಲ್ಲಿ ಎರಡು ಬೆರಳಗಲದ ಪಟ್ಟಿ ಕತ್ತರಿಸಿದಳು. ಅದು ಒರೆಯ ಬೆನ್ನಿನಿಂದ ಹೊರಟು, ಬೆಲ್ಟಿನ ಹಿಂದಿನಿಂದ ಮೇಲೇರಿ, ಮುಂದೆ ಇಳಿದು, ಒರೆಯ ಎದೆಯ ಮೇಲೆ ಗುಂಡಿಗೆ ಕೂರಬೇಕು. ಬಡಿಯುವ ಗುಂಡಿಯನ್ನು ಜಾಗಕ್ಕಿಟ್ಟು ಸುತ್ತಿಗೆ ಎತ್ತಿದಳು. ಎತ್ತಿದ ಸುತ್ತಿಗೆ ಇಳಿಯಲಿಲ್ಲ. ತಪ್ಪಿನ ಭಯವಿರಲಿಲ್ಲ, ಅದನ್ನು ಅವಳು ಒಪ್ಪುವವಳೂ ಅಲ್ಲ. ಆದರೆ ಒಂದು ಸಲ ಬಡಿದರೆ ಆಯಿತು ಎಂಬ ಆ ಭಾವನೆ, ಕೈಗೆ ಅಷ್ಟು ಹಿತವಾದದ್ದು, ಇವತ್ತು ಯಾಕೋ ಅಣ್ಣನ ಮುಷ್ಟಿಯನ್ನು ನೆನಪಿಗೆ ತಂದಿತು. ಹಿಡಿಯುವುದು ಬರುತ್ತದೆ, ಬಿಡುವುದು ಬರುವುದಿಲ್ಲ. ನಮ್ಮ ಮನೆತನಕ್ಕೇ ಲಕ್ವ ಹೊಡೆದಿದೆ ಎಂದುಕೊಂಡು ಒಬ್ಬಳೇ ಮೂಗಿನಲ್ಲಿ ನಕ್ಕಳು. ಸುತ್ತಿಗೆ ಕೆಳಗಿಟ್ಟು ತಿರುಪಿನ ಗುಂಡಿ ಹಾಕಿ ಬಿಗಿದಳು.

ಇನ್ನು ಪರೀಕ್ಷೆ. ಅಪ್ಪನ ಕಾಲದಿಂದಲೂ ಅಂಗಡಿಯಲ್ಲಿ ಒಂದು ಕುರ್ಚಿಯಿದೆ, ಅದರ ಹೆಸರೇ ಗಿರಾಕಿ. ಮೊದಲು ಆ ಕೆಲಸ ಅಣ್ಣನದು. ಒರೆ ತಯಾರಾದಾಗ ಅಪ್ಪ ಅವನನ್ನು ಕರೆದು ಸೊಂಟಕ್ಕೆ ಕಟ್ಟಿ, ನಡಿ, ಕೂರು, ಬಗ್ಗು ಅನ್ನುತ್ತಿದ್ದರು. ಅವನು ಬೇಕೆಂದೇ ಸೈನಿಕನ ಹಾಗೆ, ಗರ್ಭಿಣಿಯ ಹಾಗೆ, ಕುಡುಕನ ಹಾಗೆ ನಡೆದು ಅವಳನ್ನು ನಗಿಸುತ್ತಿದ್ದ. ಹತ್ತೊಂಬತ್ತಕ್ಕೆ ಅವನು ಚರ್ಮ ಬಿಟ್ಟು ಗಿಡದ ಕೆಲಸಕ್ಕೆ ಹೋದ ದಿನ ಅಪ್ಪ ಮಾತಿಲ್ಲದೆ ಒಳಗಿಂದ ಈ ಕುರ್ಚಿ ತಂದಿಟ್ಟರು. ಅಂದಿನಿಂದ ಬೆಲ್ಟು ಕಟ್ಟುವುದು ಕುರ್ಚಿಯ ಬೆನ್ನಿಗೆ. ಒರೆ ನೆಟ್ಟಗೆ ಕೂತಿದೆಯೇ, ವಾಲಿದೆಯೇ ನೋಡಲು ಕುರ್ಚಿ ಸಾಕಿತ್ತು. ಅವಳು ಅಣ್ಣನ ಬೆಲ್ಟನ್ನು ಕುರ್ಚಿಗೆ ಬಿಗಿದು, ಎಡ ಸೊಂಟ ಬರುವ ಜಾಗಕ್ಕೆ ಒರೆ ಸಿಕ್ಕಿಸಿ, ಬಲಗೈಯನ್ನು ಮತ್ತೆ ಏಪ್ರನ್ನಿಗೆ ಕಟ್ಟಿಕೊಂಡು ಎದುರು ನಿಂತಳು. ಎಡಗೈ ಚಾಚಿ, ಪಟ್ಟಿಯ ಆಚೆ ಅಂಚಿಗೆ ಬೆರಳು ಕೊಟ್ಟು ತನ್ನ ಕಡೆಗೆ ಎಳೆದಳು. ಬರಲಿಲ್ಲ. ಗುಂಡಿಯ ಚುಕ್ಕೆ ಈಚೆಗಿತ್ತು. ತಿರುಪು ಸಡಿಲಿಸಿ ಚುಕ್ಕೆಯನ್ನು ಆಚೆಗೆ ತಿರುಗಿಸಿ ಬಿಗಿದಳು. ಎಳೆದಳು, ಟಕ್. ಬಲಕ್ಕೆ ಎಳೆದು, ಜಗ್ಗಿ, ಕುರ್ಚಿಯನ್ನೇ ಅಲ್ಲಾಡಿಸಿ ನೋಡಿದಳು; ಬೀಳಲಿಲ್ಲ. ಮತ್ತೆ ಎದುರು ನಿಂತು ಎಳೆದಳು, ಟಕ್. ಇಪ್ಪತ್ತು ಸಲ ಮಾಡಿದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು. ಅವಳಿಗೆ ತನ್ನ ಮೇಲೆ ಬಹಳ ದಿನದ ಮೇಲೆ ಪ್ರೀತಿ ಬಂತು.

ಅಣ್ಣ ಭಾನುವಾರ ಸಂಜೆ ನಾಲ್ಕಕ್ಕೆ ಬಂದ. ಅತ್ತಿಗೆ ಏನೋ ನೆಪ ಹೇಳಿ ಅಟ್ಟಿದ್ದಳು. ಕುರ್ಚಿಯ ಮೇಲೆ ತನ್ನ ಬೆಲ್ಟು ನೋಡಿ ಬಾಗಿಲಲ್ಲೇ ನಿಂತ. "ನಮ್ಮ ಬೀರುವಿಗೆ ಕೈ ಕಾಲು ಬಂದಿದೆ ನೋಡು" ಎಂದ. ಅವಳು ಟೀ ಕೊಟ್ಟಳು, ಅವನು ಕುಡಿಯುವವರೆಗೆ ತಾನೂ ಸುಮ್ಮನಿದ್ದಳು, ಲೋಟ ಇಟ್ಟ ಮೇಲೆ ಕೇಳಿದಳು, "ಅಣ್ಣ, ಕೈಯಲ್ಲಿ ಲೋಟ ಇರೋವಾಗ ಮೂಗು ತುರಿಸಿದ್ರೆ ಏನು ಮಾಡ್ತೀಯ?" ಅವನು ಅವಳನ್ನು ವಿಚಿತ್ರವಾಗಿ ನೋಡಿದ. "ಭುಜಕ್ಕೆ ಉಜ್ಕೋತೀನಿ. ಯಾಕೆ?" ಭುಜ! ಅದು ಅವಳಿಗೆ ಹೊಳೆದೇ ಇರಲಿಲ್ಲ. "ಸುಮ್ನೆ" ಎಂದಳು. ಅವನ ಮುಖದಲ್ಲಿ ಏನೋ ಸಡಿಲಾಯಿತು. ಬೆಲ್ಟನ್ನು ಅವನೇ ತೊಟ್ಟ. ನಿಧಾನವಾಗಿ, ತುದಿಯನ್ನು ಬಲ ಮುಷ್ಟಿಗೆ ಕೊಟ್ಟು, ಎಡಗೈಯಲ್ಲಿ ಬಕಲ್ ತಂದು ಸೇರಿಸಿ, ಆಮೇಲೆ ಮುಷ್ಟಿಯ ಬೆರಳು ಒಂದೊಂದೇ ಬಿಡಿಸಿ. ಅವಳು ಸಹಾಯಕ್ಕೆ ಹೋಗಲಿಲ್ಲ, ಬೇರೆ ಕಡೆ ನೋಡಲೂ ಇಲ್ಲ. ಒರೆ ಎಡ ಸೊಂಟದ ಮೇಲೆ ಚೆನ್ನಾಗಿ ಕೂತಿತು. "ಈಗ ತೆಗಿ. ಬೆಲ್ಟ್ ಬಿಚ್ಚಬೇಡ. ಗುಂಡಿ ಎಳಿ ಅಷ್ಟೇ" ಎಂದಳು.

ಅಣ್ಣನ ಎಡಗೈ ಕೆಳಗಿಳಿಯಿತು. ಇಳಿಬಿಟ್ಟ ಕೈಯ ಹೆಬ್ಬೆರಳು ಯಾರದಾದರೂ ಮುಂದಕ್ಕೇ ಇರುತ್ತದೆ. ಅದು ಪಟ್ಟಿಯ ಮುಂದಿನ ಅಂಚಿಗೆ, ಹೊಟ್ಟೆಯ ಕಡೆಯ ಅಂಚಿಗೆ ಬಂದು ತಾಗಿತು. ಎತ್ತಿತು. ಬರಲಿಲ್ಲ. ಇನ್ನೊಮ್ಮೆ ಎತ್ತಿತು. ಬರಲಿಲ್ಲ. "ಆ ಕಡೆಯಿಂದ ಅಲ್ಲ, ಹಿಂದಿನಿಂದ" ಎಂದಳು. ಅವನು ಮಣಿಕಟ್ಟು ತಿರುಚಿ, ಭುಜ ಎತ್ತಿ, ಹಿಂದಿನ ಅಂಚಿಗೆ ಬೆರಳು ಕೊಡಲು ನೋಡಿದ. ಬೆನ್ನು ತುರಿಸಿಕೊಳ್ಳಲು ಹೋಗಿ ಸಿಕ್ಕಿಕೊಂಡವನ ಹಾಗೆ ಇಡೀ ಮೈ ಓರೆಯಾಯಿತು. ಹಣೆಯಲ್ಲಿ ಬೆವರು ಬಂತು. "ನಿನ್ನೆ ಬರ್ತಾ ಇತ್ತು! ಇಪ್ಪತ್ತು ಸಲ ನೋಡಿದ್ದೀನಿ, ಒಂದೇ ಕೈಯಲ್ಲಿ" ಎಂದು ಅವಳು ಹೆಚ್ಚುಕಮ್ಮಿ ಕೂಗಿದಳು. ಅಣ್ಣ ಕೈ ಬಿಟ್ಟ. ಕುರ್ಚಿಯನ್ನು ನೋಡಿದ, ಗುಂಡಿಯನ್ನು ನೋಡಿದ. "ಎಲ್ಲಿ ನಿಂತ್ಕೊಂಡು ನೋಡಿದೆ?" "ಕುರ್ಚಿ ಮುಂದೆ." "ಬಾ ಇಲ್ಲಿ. ನಿನ್ನೆ ನಿಂತ ಹಾಗೇ ನಿಂತ್ಕೋ. ಈಗ ನೀನು ತೆಗಿ." ಅವಳು ಅಣ್ಣನ ಎದುರು ನಿಂತು, ಕೈ ಚಾಚಿ, ಬೆರಳು ಕೊಟ್ಟು ತನ್ನ ಕಡೆ ಎಳೆದಳು. ಟಕ್ ಎಂದು ಬಂತು.

ಬಿಚ್ಚಿದ ಪಟ್ಟಿ ಅವಳ ಬೆರಳಲ್ಲೇ ಇತ್ತು. "ಇದು ನನಗೆ ಮಾಡಿದ್ದಲ್ಲ, ದಬ್ಬಳ. ಗೇಟಿನವನಿಗೆ ಮಾಡಿದ್ದೀಯ" ಎಂದ ಅಣ್ಣ, ತುಂಬ ಮೆಲ್ಲಗೆ. ನಲವತ್ತು ವರ್ಷ ಹೊಲಿದವಳು ಎಂಥ ಎಡವಟ್ಟು ಮಾಡಿದ್ದಳೆಂದು ಅವಳಿಗೆ ಆಗ ಕಂಡಿತು. ಬಿಚ್ಚದ ಪಟ್ಟಿಗೆ ಮುಂದು ಹಿಂದು ಇರಲಿಲ್ಲ, ಕುರ್ಚಿಯ ಎದುರು ನಿಂತರೆ ಸಾಕಿತ್ತು. ಬಿಚ್ಚುವ ಗುಂಡಿಗೆ ಯಾರು ಬಿಚ್ಚುತ್ತಾರೆ ಎಂದು ಗೊತ್ತಿರಬೇಕು. ಅವಳ ಕೈಗೆ ಗೊತ್ತಿದ್ದದ್ದು ಒಂದೇ ಕೈ, ಎದುರಿನಿಂದ ಬಂದ ಕೈ. ಅಣ್ಣ ಅವಳ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಏನೋ ಲೆಕ್ಕ ಕೂಡುತ್ತಿದ್ದ ಹಾಗಿತ್ತು. "ಗೇಟಲ್ಲಿ ಏನಾಯ್ತು ಅಂತ ನಾನು ಯಾರಿಗೂ ಹೇಳಿಲ್ಲ. ನಿಮ್ಮ ಅತ್ತಿಗೆಗೂ ಹೇಳಿಲ್ಲ" ಎಂದ. "ನೀನು ಅವತ್ತು ಬಂದಿದ್ದೆ. ಎಲ್ಲ ನೋಡಿದ್ದೀಯ."

ಸುಳ್ಳು ಹೇಳಲು ಈಗಲೂ ಜಾಗವಿತ್ತು. ಮೇಣದ ಉಂಡೆ ಕೈಗೆಟುಕುವ ಹಾಗೇ ಇತ್ತು. "ಹೂಂ. ನೋಡಿದೆ" ಎಂದಳು. "ಕಂಬದ ಹತ್ರ ಇದ್ದೆ. ಬರಬೇಕಿತ್ತು. ಬರಲಿಲ್ಲ. ಓಡಿಹೋದೆ. ಹೋದ ವರ್ಷ ನೀನು ಕೇಳಿದಾಗಲೇ ಮಾಡಿಕೊಟ್ಟಿದ್ರೆ ಅದಾಗ್ತಾನೇ ಇರಲಿಲ್ಲ, ಎಲ್ಲರ ಮುಂದೆ ನಿನ್ನನ್ನ ನಗೆಪಾಟಲು ಮಾಡಿದೆ, ಅದೇ ತಲೇಲಿ ಕೊರೀತಾ ಇತ್ತು, ಮುಖ ತೋರಿಸೋಕೆ ಆಗಲಿಲ್ಲ ಅಣ್ಣ." ಇಷ್ಟು ಉದ್ದ ಅವಳು ಅವನೆದುರು ಯಾವತ್ತೂ ಮಾತಾಡಿರಲಿಲ್ಲ. ಕಣ್ಣು ತುಂಬಿದವು, ಒರೆಸಿಕೊಳ್ಳಲಿಲ್ಲ. ಅಣ್ಣ ಅವಳ ಬೆರಳಿನಿಂದ ಒರೆ ತೆಗೆದುಕೊಂಡ. ಆಮೇಲೆ ಕೇಳಿದ, "ಡಬ್ಬಿ ಏನಾಯ್ತು?" "ಏನು?" "ಊಟ ತರ್ತೀನಿ ಅಂದಿದ್ದೆಯಲ್ಲ. ಡಬ್ಬಿ." ಅವಳು ನೆಲ ನೋಡಿದಳು. "ಬಸ್ ಸ್ಟಾಪಲ್ಲಿ ಕೂತು ನಾನೇ ತಿಂದೆ." "ಪೂರ್ತೀನಾ?" "ಪೂರ್ತಿ. ಅಳ್ತಾ ತಿಂದೆ." "ಅಯ್ಯೋ ನಿನ್ನ! ನಾನು ಮೂರು ಗಂಟೆವರೆಗೂ ಕಾದೆ ಕಣೇ. ಅವತ್ತು ನನಗೆ ಪ್ಯಾಂಟಿಗಿಂತ ಹೊಟ್ಟೆ ಚಿಂತೆ ಜಾಸ್ತಿ ಆಗಿತ್ತು. ತಂಗೀನೂ ಮರೆತಳು ಅಂದ್ಕೊಂಡೆ." ಅವನ ನಗು ಒಂದೇ ಕಡೆಯ ತುಟಿಯಿಂದ ಶುರುವಾಗಿ ಇನ್ನೊಂದು ಕಡೆಗೆ ಹರಡಲು ಹೆಣಗಿತು. ನಗುವಾಗಲೂ ಅವನ ಕಣ್ಣು ಒದ್ದೆಯಾಗಿತ್ತು. ತಂಗೀನೂ ಮರೆತಳು ಎಂಬುದು ಅವಳಿಗೆ ಬೇರೆಲ್ಲಕ್ಕಿಂತ ಜೋರಾಗಿ ತಾಗಿತು.

ಅವಳು ತಿರುಪುಳಿಗೆ ಕೈಹಾಕಿದಳು. "ಕೊಡು, ಒಂದು ನಿಮಿಷದ ಕೆಲಸ. ಗುಂಡಿ ತಿರುಗಿಸಿದ್ರೆ ಆಯ್ತು." "ಬಡಿದು ಕೂರಿಸಿಲ್ವಾ?" ಎಂದ ಅಣ್ಣ ಆಶ್ಚರ್ಯದಿಂದ. "ಇಲ್ಲ." "ನೀನು?" "ನಾನೇ." ಅಣ್ಣ ತಿರುಪುಳಿ ತೆಗೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತು, ಒರೆಯನ್ನು ತನ್ನ ಬಲಗೈಗೆ ಕೊಟ್ಟ. ಕೊಟ್ಟದ್ದನ್ನು ಆ ಕೈ ಹಿಡಿಯಿತು. ಹೇಗೆ ಹಿಡಿಯಿತೆಂದರೆ ಅವಳ ಮೇಜಿನ ತುದಿಯ, ಚರ್ಮ ಬಿಗಿದಿಡುವ ಕಬ್ಬಿಣದ ಹಿಡಿಕವೂ ಹಾಗೆ ಹಿಡಿಯುತ್ತಿರಲಿಲ್ಲ. ಅವನು ಜೇಬಿನಿಂದ ಒಂದು ನಾಣ್ಯ ತೆಗೆದು, ಎಡಗೈಯಲ್ಲಿ ತಿರುಪಿನ ಗೀರಿಗೆ ಇಟ್ಟು, ಸಡಿಲಿಸಿ, ಗುಂಡಿಯನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದ. ಕಸಿ ಕಟ್ಟುವವನ ಕೈ, ಅವಸರವಿಲ್ಲ. ಮುಷ್ಟಿಯ ಬೆರಳು ಬಿಡಿಸಿ, ಎದ್ದು ಒರೆಯನ್ನು ಬೆಲ್ಟಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಎರಡು ಹೆಜ್ಜೆ ನಡೆದ, ಬಗ್ಗಿದ, ಕುಕ್ಕರಗಾಲಲ್ಲಿ ಕೂತು ಎದ್ದ, ಇದ್ದಕ್ಕಿದ್ದ ಹಾಗೆ ಹಳೆಯ ಕುಡುಕನ ನಡಿಗೆಯಲ್ಲಿ ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಹೋಗಿ ಬಂದ. ಈಗ ಅದಕ್ಕೆ ಹೆಚ್ಚು ನಟಿಸಬೇಕಾಗಿರಲಿಲ್ಲ. ಅವಳು ಮೂಗು ಸೊರ ಸೊರ ಎನ್ನಿಸುತ್ತ ನಕ್ಕಳು. ಒರೆ ಅಲುಗಲಿಲ್ಲ.

"ಟೀ ತಟ್ಟೆ ಹಿಡಿ" ಎಂದ. ಅವಳು ಲೋಟಗಳನ್ನು ಇಳಿಸಿ ತಟ್ಟೆ ಹಿಡಿದು ಎದುರು ನಿಂತಳು. ಅಣ್ಣ ಅವಳ ಕಡೆಗೇ ನೋಡುತ್ತ, ಕೆಳಗೆ ನೋಡದೆ, ಎಡಗೈ ಇಳಿಬಿಟ್ಟ. ಹೆಬ್ಬೆರಳು ತನ್ನ ಜಾಗ ಹುಡುಕಿಕೊಂಡಿತು. ಟಕ್. ಒರೆ ಕೈಗೆ ಬಂತು, ಕೈಯಿಂದ ತಟ್ಟೆಗೆ ಬಂತು. ಬೆಲ್ಟು ಕಟ್ಟಿದ ಹಾಗೇ ಇತ್ತು. ತಟ್ಟೆಯ ಮೇಲಿನ ಭಾರವನ್ನು ಹಿಡಿದುಕೊಂಡು ಅವಳು ನಿಂತೇ ಇದ್ದಳು. ಅಣ್ಣ ಒರೆಯನ್ನು ಎತ್ತಿ ಮತ್ತೆ ಸೊಂಟಕ್ಕೆ ಸಿಕ್ಕಿಸಿ, ಚೂರಿಯನ್ನು ಅದರೊಳಗೆ ಇಳಿಸಿ ಬಾಗಿಲ ಕಡೆ ಹೊರಟ.

ಹೊಸ್ತಿಲ ಹತ್ತಿರ ನಿಂತು ಹೇಳಿದ, "ನಾಳೆ ಮಧ್ಯಾಹ್ನ ಊಟ ತಗೊಂಡು ಬಾ. ಗೇಟಿಗೇ ಬಾ, ಕಂಬದ ಹತ್ರ ಅಲ್ಲ. ಮತ್ತೆ ದಾರೀಲಿ ತಿನ್ಬೇಡ."